ಅಪ್ಪನ ಹಳೆಯ ಷೇರು, ಏಜೆಂಟನ 25 ಪರ್ಸೆಂಟ್

ಪ್ರಶ್ನೆ: ನಾನು ಹಾಸನದಲ್ಲಿರುವ ನಿವೃತ್ತ ಶಿಕ್ಷಕಿ. ನಮ್ಮ ತಂದೆ ದಾವಣಗೆರೆಯಲ್ಲಿ ಕಾಲೇಜು ಮೇಷ್ಟ್ರಾಗಿದ್ದರು. 2008ರಲ್ಲಿ ತೀರಿಕೊಂಡರು. ಹೋದ ತಿಂಗಳು ಮುಂಬೈಯಿಂದ ಅಂತ ಹೇಳಿಕೊಂಡು ಒಬ್ಬರು ಫೋನ್ ಮಾಡಿದರು. ತಂದೆಯ ಹೆಸರಿನಲ್ಲಿ ಹಳೆಯ ಷೇರುಗಳಿವೆಯಂತೆ, ಈಗ ಸರ್ಕಾರದ ವಶದಲ್ಲಿವೆಯಂತೆ, ಬೆಲೆ 10 ಲಕ್ಷದ ಮೇಲಂತೆ. ಯಾವ ಕಂಪನಿ ಅಂತ ಮಾತ್ರ ಹೇಳಲಿಲ್ಲ. ಬಿಡಿಸಿಕೊಡಲು 25 ಪರ್ಸೆಂಟ್ ಕಮಿಷನ್, 12 ಸಾವಿರ ಮುಂಗಡ ಕೇಳುತ್ತಿದ್ದಾರೆ. ಮಾರ್ಚ್ ಒಳಗೆ ಆಗದಿದ್ದರೆ ಕೈತಪ್ಪುತ್ತದೆ ಅಂತ ಅವಸರ ಬೇರೆ. ಅಮ್ಮನಿಗೆ 81 ವರ್ಷ. ತಂಗಿ ಹುಬ್ಬಳ್ಳಿಯಲ್ಲಿ, ತಮ್ಮ ಕ್ಯಾಲಿಫೋರ್ನಿಯಾದಲ್ಲಿ. ‘ಸಹಿ ಹಾಕಿ ಕಳಿಸಿಬಿಡು, ತಲೆನೋವು ಬೇಡ’ ಅನ್ನುತ್ತಾನೆ ತಮ್ಮ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ ಮೇಡಂ. ಮುಂಗಡವನ್ನೂ ಕೊಡಬೇಡಿ. ಆಧಾರ್, ಪ್ಯಾನ್, ತಂದೆಯ ಮರಣ ಪ್ರಮಾಣಪತ್ರ, ಯಾವುದನ್ನೂ ಅವರ ವಾಟ್ಸಾಪಿಗೆ ಕಳಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ಇದರಲ್ಲಿ ಅವಸರದ ಕೆಲಸ ಯಾವುದೂ ಇಲ್ಲ.

ಮೊದಲು ಆ ಮಾರ್ಚ್ ಗಡುವಿನ ವಿಷಯ ಮುಗಿಸಿಬಿಡೋಣ. ಷೇರುಗಳು ಹೋಗಿ ಸೇರಿರುವುದು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ. ಎಲ್ಲರೂ ಐಇಪಿಎಫ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. 2013ರ ಕಂಪನಿ ಕಾಯಿದೆಯ ಪ್ರಕಾರ, ಸತತ ಏಳು ವರ್ಷ ಡಿವಿಡೆಂಡ್, ಅಂದರೆ ಕಂಪನಿ ಹಂಚುವ ಲಾಭಾಂಶ, ಯಾರೂ ತೆಗೆದುಕೊಳ್ಳದಿದ್ದರೆ ಆ ಹಣವೂ ಆ ಷೇರೂ ಈ ನಿಧಿಗೆ ಹೋಗುತ್ತವೆ. ಹೋದ ಮೇಲೆ ವಾಪಸ್ ಕೇಳಲು ಕೊನೆಯ ದಿನಾಂಕ ಅಂತ ಇಲ್ಲ. ಇವತ್ತು ಕೇಳಬಹುದು, ಐದು ವರ್ಷ ಬಿಟ್ಟೂ ಕೇಳಬಹುದು. ಅಲ್ಲಿದ್ದಾಗ ಕಂಪನಿ ಬೋನಸ್ ಷೇರು ಕೊಟ್ಟರೆ ಅದೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ, ಹೊಸ ಡಿವಿಡೆಂಡೂ ಸೇರುತ್ತದೆ. ಮಾರ್ಚಿಗೆ ಕೈತಪ್ಪುವುದು ಏಜೆಂಟರ ಕಮಿಷನ್ ಇರಬಹುದು, ನಿಮ್ಮ ಷೇರಲ್ಲ.

ಇನ್ನು, ನಿಮ್ಮ ತಂದೆಯ ವಿಷಯ ಮುಂಬೈಯ ಆ ಮನುಷ್ಯನಿಗೆ ಹೇಗೆ ಗೊತ್ತಾಯಿತು? ಎಲ್ಲರಿಗೂ ಕಾಡುವ ಪ್ರಶ್ನೆ ಇದೇ. ಏನೋ ಒಳಗಿನ ಗುಟ್ಟು ತಿಳಿದವನು ಅಂತ ಅನಿಸಿಬಿಡುತ್ತದೆ. ಗುಟ್ಟು ಏನೂ ಇಲ್ಲ. ಷೇರುಗಳನ್ನು ನಿಧಿಗೆ ಕಳಿಸುವ ಮೊದಲು ಕಂಪನಿ ಷೇರುದಾರರ ವಿಳಾಸಕ್ಕೆ ಪತ್ರ ಬರೆಯಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಹೆಸರುಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ಅಪ್ಪನ ಹಳೆಯ ದಾವಣಗೆರೆ ಮನೆಗೆ ಆ ಪತ್ರ ಬಂದೇ ಇರುತ್ತದೆ. ಬಾಡಿಗೆಗೆ ಬಂದವರು ಅಂಚೆಯವನಿಗೆ ವಾಪಸ್ ಕೊಟ್ಟಿರುತ್ತಾರೆ. ಏಜೆಂಟರು ಮಾಡುವುದು ಇಷ್ಟೇ: ಈ ಪಟ್ಟಿಗಳನ್ನು ಇಳಿಸಿಕೊಂಡು, ಹೆಚ್ಚು ಷೇರು ಇರುವ ಹೆಸರು ಆರಿಸಿ, ಮನೆಯವರನ್ನು ಹುಡುಕಿ ಫೋನ್ ಮಾಡುವುದು. ಅವರ ಹತ್ತಿರ ಇರುವ ಸರಕು ಒಂದೇ, ಕಂಪನಿಯ ಹೆಸರು. ಅದಕ್ಕೇ ಅದನ್ನು ಬಾಯಿ ಬಿಡುವುದಿಲ್ಲ. ಎರಡೂವರೆ ಲಕ್ಷ ಕೊಟ್ಟು ನೀವು ಕೊಳ್ಳುತ್ತಿರುವುದು ಆ ಒಂದು ಹೆಸರನ್ನು.

‘ಓಡಾಟ ಎಲ್ಲ ಅವರೇ ಮಾಡುತ್ತಾರಲ್ಲ’ ಅಂತ ನಿಮ್ಮ ತಮ್ಮ ಅನ್ನಬಹುದು. ನಾನು ಬ್ಯಾಂಕಿನಲ್ಲಿದ್ದವನು. ಕೊನೆಯ ಕೆಲವು ವರ್ಷ ತೀರಿಕೊಂಡವರ ಖಾತೆಗಳ ಕ್ಲೇಮು ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಮರಣ ಪ್ರಮಾಣಪತ್ರ ನೀವೇ ತರಬೇಕು. ವಂಶವೃಕ್ಷ ನೀವೇ ಮಾಡಿಸಬೇಕು. ಒಡಹುಟ್ಟಿದವರ ಸಹಿ ನೀವೇ ಹಾಕಿಸಬೇಕು. ನೋಟರಿ ಮುಂದೆ ನೀವೇ ನಿಲ್ಲಬೇಕು. ಏಜೆಂಟ್ ಇದ್ದರೂ ಇದು ತಪ್ಪುವುದಿಲ್ಲ. ಅವರ ಪಾಲಿಗೆ ಉಳಿಯುವುದು ಒಂದು ಆನ್‌ಲೈನ್ ಫಾರಂ ತುಂಬುವುದು, ಒಂದು ಸ್ಪೀಡ್ ಪೋಸ್ಟ್ ಹಾಕುವುದು.

ಹಾಗಾದರೆ ಕಂಪನಿಯ ಹೆಸರನ್ನು ನಾವೇ ಹುಡುಕೋಣ. ಐಇಪಿಎಫ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹುಡುಕುವ ಪುಟ ಇದೆ. ಹೆಸರು ಕೊಟ್ಟು ಹುಡುಕಬಹುದು, ಫೋಲಿಯೊ ನಂಬರ್ (ಕಂಪನಿಯಲ್ಲಿ ಷೇರುದಾರರ ಖಾತೆಯ ಸಂಖ್ಯೆ) ಗೊತ್ತಿದ್ದರೆ ಅದನ್ನೂ ಕೊಡಬಹುದು. ದುಡ್ಡು ಕೊಡಬೇಕಾಗಿಲ್ಲ. ಆದರೆ ನಮ್ಮ ಕಡೆಯವರು ಎಡವುವುದು ಇಲ್ಲೇ. ನಮ್ಮ ಹೆಸರುಗಳು ಆ ಡಬ್ಬಿಗಳಿಗೆ ಹೊಂದುವುದೇ ಇಲ್ಲ! ಅಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಅಂತ ಮೂರು ಖಾನೆ. ನಮಗೋ ಊರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ, ಆಮೇಲೆ ಹೆಸರು. ಎಚ್. ಎಸ್. ಕೃಷ್ಣಮೂರ್ತಿ ಅನ್ನುವವರು ಒಂದು ಕಂಪನಿಯಲ್ಲಿ ‘ಕೃಷ್ಣಮೂರ್ತಿ ಎಚ್ ಎಸ್’ ಆಗಿರುತ್ತಾರೆ. ಇನ್ನೊಂದರಲ್ಲಿ ಎಚ್ ಮೊದಲ ಹೆಸರು, ಎಸ್ ನಡುವಿನದು. ಮತ್ತೊಂದರಲ್ಲಿ ಕೃಷ್ಣ ಬೇರೆ, ಮೂರ್ತಿ ಬೇರೆ. ಇಂಗ್ಲಿಷಿನಲ್ಲಿ ‘ತಿ’ ಬರೆಯುವಾಗ ಎಚ್ ಇದೆಯೋ ಇಲ್ಲವೋ, ಕೊನೆಗೆ ವೈ ಇದೆಯೋ ಐ ಇದೆಯೋ, ಅದು ಬೇರೆ. ಗೌಡ, ಶೆಟ್ಟಿ, ಅಯ್ಯ, ಪ್ಪ ಇದ್ದವರದ್ದೂ ಇದೇ ಪಾಡು. ಆದ್ದರಿಂದ ಒಂದು ಹಾಳೆಯ ಮೇಲೆ ತಂದೆಯ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬರೆದುಕೊಳ್ಳಿ. ಹತ್ತು ಹನ್ನೆರಡು ಆಗುತ್ತವೆ. ಒಂದೊಂದನ್ನೇ ಹಾಕಿ ನೋಡಿ. ಅಮ್ಮನ ಹೆಸರನ್ನೂ ಹಾಕಿ. ಆ ಕಾಲದಲ್ಲಿ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕುವುದು ಮಾಮೂಲಿಯಾಗಿತ್ತು.

ಇದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲೇ ಇದೆ. ಅಪ್ಪನ ಟ್ರಂಕು, ಬೀರು, ಹಳೆಯ ಎಲ್‌ಐಸಿ ಕವರು, ಡೈರಿ. ಷೇರು ಪತ್ರವೇ ಸಿಗಬೇಕು ಅಂತಿಲ್ಲ. ಡಿವಿಡೆಂಡ್ ವಾರಂಟಿನ (ಡಿವಿಡೆಂಡ್ ಹಣಕ್ಕೆ ಕೊಡುತ್ತಿದ್ದ ಚೆಕ್ಕಿನಂಥ ಕಾಗದ) ಹರಿದ ತುಂಡು ಸಾಕು, ಫೋಲಿಯೊ ನಂಬರ್ ಅದರ ಮೇಲೇ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ, ಜುಲೈ ಆಗಸ್ಟ್ ಹೊತ್ತಿಗೆ, ಚಿಲ್ಲರೆ ಮೊತ್ತ ಜಮಾ ಆಗಿದ್ದರೆ ಪಕ್ಕದ ಹೆಸರು ನೋಡಿ. ಕಾಲೇಜು ಮೇಷ್ಟ್ರು ಅಂದಿರಿ, ಹಾಗಾದರೆ ಇನ್‌ಕಂ ಟ್ಯಾಕ್ಸ್ ಪ್ರತಿಗಳನ್ನು ಜೋಪಾನ ಮಾಡಿಯೇ ಇರುತ್ತಾರೆ. ಡಿವಿಡೆಂಡ್ ಬಂದಿದ್ದರೆ ಅದರಲ್ಲೂ ಕುರುಹು ಸಿಗಬಹುದು.

ಸಿಕ್ಕ ಹೆಸರಿನ ಕಂಪನಿ ಈಗ ಇಲ್ಲವೇ ಇಲ್ಲ ಅಂತ ನಿರಾಸೆ ಬೇಡ. ಅದು ಬೇರೆ ಹೆಸರಿನಲ್ಲಿ ಬದುಕಿರುತ್ತದೆ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಆಯಿತು. ಮೈಸೂರು ಸಿಮೆಂಟ್ಸ್ ಇವತ್ತು ಹೈಡೆಲ್‌ಬರ್ಗ್ ಸಿಮೆಂಟ್. ಬ್ರೂಕ್ ಬಾಂಡ್ ಹಿಂದೂಸ್ತಾನ್ ಲಿವರಿನ ಹೊಟ್ಟೆ ಸೇರಿತು. ವೈಶ್ಯ ಬ್ಯಾಂಕ್ ಮೊದಲು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರಾ ಸೇರಿತು. ನಮ್ಮ ನಾಲ್ಕು ಬ್ಯಾಂಕುಗಳಂತೂ ಮೂರೇ ವರ್ಷದಲ್ಲಿ ಮಾಯವಾದವು: 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಷೇರಿನ ಲೆಕ್ಕವೂ ಬದಲಾಗುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 10 ಷೇರಿಗೆ ಎಸ್‌ಬಿಐನ 22 ಷೇರು ಕೊಟ್ಟರು. ಸಿಂಡಿಕೇಟಿನ 1000ಕ್ಕೆ ಕೆನರಾದ 158 ಮಾತ್ರ. ಹೀಗಾಗಿ ಹಳೆಯ ಪತ್ರದ ಮೇಲಿನ ಸಂಖ್ಯೆ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕಂಪನಿಯನ್ನೇ ಕೇಳಿ.

ಕೇಳುವುದು ಯಾರನ್ನು? ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಗೂ ಒಬ್ಬ ರಿಜಿಸ್ಟ್ರಾರ್ ಇರುತ್ತಾರೆ. ಷೇರುದಾರರ ದಾಖಲೆ ಇಟ್ಟುಕೊಳ್ಳುವ ಸಂಸ್ಥೆ ಅದು. ಹೈದರಾಬಾದಿನ ಕೆಫಿನ್, ಮುಂಬೈಯ ಎಂಯುಎಫ್‌ಜಿ ಇಂಟೈಮ್ ದೊಡ್ಡ ಹೆಸರುಗಳು. ಎಂಯುಎಫ್‌ಜಿ ಇಂಟೈಮಿಗೆ ಮೊದಲು ಲಿಂಕ್ ಇಂಟೈಮ್ ಅನ್ನುತ್ತಿದ್ದರು. ಯಾವ ಕಂಪನಿಗೆ ಯಾವ ರಿಜಿಸ್ಟ್ರಾರ್ ಅಂತ ಕಂಪನಿಯ ವೆಬ್‌ಸೈಟಿನಲ್ಲಿ, ವಾರ್ಷಿಕ ವರದಿಯಲ್ಲಿ ಇರುತ್ತದೆ. ಕಂಪನಿಯೊಳಗೆ ಐಇಪಿಎಫ್ ಕೆಲಸಕ್ಕೇ ಒಬ್ಬ ನೋಡಲ್ ಆಫೀಸರ್ ಇರಬೇಕು. ಇಬ್ಬರಿಗೂ ಒಂದೇ ಇಮೇಲ್ ಹಾಕಿ. ತಂದೆಯ ಹೆಸರು, ಹಳೆಯ ವಿಳಾಸ, ತೀರಿಕೊಂಡ ದಿನಾಂಕ, ನೀವು ಮಗಳು ಅನ್ನುವುದು, ಗೊತ್ತಿದ್ದರೆ ಫೋಲಿಯೊ ನಂಬರ್. ‘ಈ ಹೆಸರಿನಲ್ಲಿ ಎಷ್ಟು ಷೇರು, ಎಷ್ಟು ಡಿವಿಡೆಂಡ್ ಬಾಕಿ, ಐಇಪಿಎಫ್‌ಗೆ ಹೋಗಿದೆಯೇ, ಜಂಟಿ ಹೆಸರು ಅಥವಾ ನಾಮಿನಿ ಇದ್ದಾರೆಯೇ, ಕ್ಲೇಮಿಗೆ ಯಾವ ದಾಖಲೆ ಬೇಕು’ ಎಂಬ ಐದು ಪ್ರಶ್ನೆ ಸಾಕು. ನಾಲ್ಕು ಸಾಲಿನ ಇಂಗ್ಲಿಷ್ ನಿಮಗೆ ಕಷ್ಟವೇನಲ್ಲ.

ಜಂಟಿ ಹೆಸರು ಅಂದೆನಲ್ಲ, ಅದು ಬಹಳ ಮುಖ್ಯ. ಷೇರು ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲೂ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬದುಕಿರುವವರಿಗೇ ಷೇರು ಸೇರುತ್ತದೆ. ಮರಣ ಪ್ರಮಾಣಪತ್ರ, ಅಮ್ಮನ ಗುರುತಿನ ಚೀಟಿ, ಒಂದೆರಡು ಫಾರಂ. ವಾರಸುದಾರರ ಕಾಗದದ ರಾಶಿಯೇ ಬೇಡ. ನಾಮಿನಿ ಇದ್ದರೂ ಸುಲಭ. ಆದರೆ ನಾಮಿನಿ ಅಂದರೆ ಮಾಲೀಕರಲ್ಲ. ಷೇರಿನ ನಾಮಿನಿಗೆ ವಾರಸುದಾರರಿಗಿಂತ ಮೇಲಿನ ಹಕ್ಕು ಇಲ್ಲ ಅಂತ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಮಿನಿ ಕೈಗೆ ಬರುತ್ತದೆ, ಪಾಲು ಎಲ್ಲರದ್ದು. ನಿಮ್ಮ ಮೂವರಲ್ಲಿ ಈ ಮಾತು ಮೊದಲೇ ಆಗಿಬಿಡಲಿ.

ಜಂಟಿ ಹೆಸರೂ ಇಲ್ಲ, ನಾಮಿನಿಯೂ ಇಲ್ಲ ಅಂದಾಗ ಮಾತ್ರ ನಿಜವಾದ ಓಡಾಟ. ಇಲ್ಲಿ ಒಂದು ಲೆಕ್ಕ ಇದೆ. ಕಾಗದದ ರೂಪದ ಷೇರಾದರೆ ಒಂದು ಕಂಪನಿಗೆ 5 ಲಕ್ಷದವರೆಗೆ, ಡಿಮ್ಯಾಟ್ (ಕಾಗದವಿಲ್ಲದ, ಕಂಪ್ಯೂಟರ್ ದಾಖಲೆಯ ರೂಪ) ಆಗಿದ್ದರೆ ಒಬ್ಬ ಷೇರುದಾರರಿಗೆ 15 ಲಕ್ಷದವರೆಗೆ, ಸಾಮಾನ್ಯವಾಗಿ ಕೋರ್ಟಿನ ವಾರಸಾ ಪ್ರಮಾಣಪತ್ರ ಬೇಕಾಗುವುದಿಲ್ಲ. ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ತುಂಬಿಕೊಡುತ್ತೇನೆ ಅನ್ನುವ ಮುಚ್ಚಳಿಕೆ), ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಾಕು. ಕಾಗದದ ಷೇರಿಗೆ ಲೆಕ್ಕ ಕಂಪನಿಗೆ ಒಂದರಂತೆ, ಒಟ್ಟು ಮೊತ್ತದ ಮೇಲಲ್ಲ. ಏಜೆಂಟ್ ಹೇಳಿದ 10 ಲಕ್ಷ ಮೂರು ಕಂಪನಿಗಳಲ್ಲಿ ಹಂಚಿಹೋಗಿದ್ದರೆ ನೀವು ಕೋರ್ಟ್ ಮೆಟ್ಟಿಲು ಹತ್ತದೆಯೇ ಮುಗಿಸಬಹುದು. ಒಂದೇ ಕಂಪನಿಯಲ್ಲಿ ಮಿತಿ ಮೀರಿದ್ದರೆ, ಕೋರ್ಟಿನ ಪ್ರಮಾಣಪತ್ರವೇ ಬೇಕೋ, ಕಂದಾಯ ಇಲಾಖೆಯ ವಾರಸುದಾರರ ಪತ್ರ ನಡೆಯುತ್ತದೋ ಅಂತ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಕೇಳಿದ್ದನ್ನು ನಂಬಿ ವಕೀಲರ ಹತ್ತಿರ ಓಡಬೇಡಿ.

ವಂಶವೃಕ್ಷ ಮತ್ತು ಜೀವಂತ ಸದಸ್ಯರ ದೃಢೀಕರಣ ಸಿಗುವುದು ನಾಡಕಚೇರಿಯಲ್ಲಿ. ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು. ಗ್ರಾಮ ಆಡಳಿತಾಧಿಕಾರಿ, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು, ಮನೆಗೆ ಬಂದು ವಿಚಾರಿಸುತ್ತಾರೆ, ನೆರೆಹೊರೆಯವರ ಹೇಳಿಕೆ ಕೇಳಬಹುದು. ಹೆಸರುಗಳ ಕಾಗುಣಿತ ಆಧಾರಿನಲ್ಲಿ ಇರುವಂತೆಯೇ ಬರೆಸಿ. ಇಲ್ಲಿ ಒಂದಕ್ಷರ ತಪ್ಪಿದರೆ ಮುಂದೆ ಒಂದು ವರ್ಷ ಅಳಬೇಕಾಗುತ್ತದೆ. ಮರಣ ಪ್ರಮಾಣಪತ್ರದ ಹೆಚ್ಚುವರಿ ಪ್ರತಿಗಳನ್ನೂ ತೆಗೆದುಕೊಂಡುಬಿಡಿ. ಒಂದೇ ಮೂಲ ಪ್ರತಿ ಇಟ್ಟುಕೊಂಡು ನಾಲ್ಕು ಕಡೆ ಕೊಡಲು ಆಗುವುದಿಲ್ಲ.

ಆ ಒಂದಕ್ಷರದ ಕಥೆ ನನ್ನದೇ. ನಮ್ಮ ಸೋದರಮಾವ ಒಂದು ಕಂಪನಿಯಲ್ಲಿ 40 ಷೇರು ಇಟ್ಟಿದ್ದರು. ಬ್ಯಾಂಕಿನವನು ನಾನು, ಎಲ್ಲ ಗೊತ್ತು ಅಂತ ಜಂಬ. ಪತ್ರದ ಮೇಲೆ ‘ಶ್ರೀನಿವಾಸಯ್ಯ’ ಇಂಗ್ಲಿಷಿನಲ್ಲಿ ಒಂದು ‘ವೈ’ಯೊಂದಿಗೆ, ಪ್ಯಾನ್ ಕಾರ್ಡಿನಲ್ಲಿ ಎರಡರೊಂದಿಗೆ. ನಾನು ಗಮನಿಸಲಿಲ್ಲ, ಗುಮಾಸ್ತ ಗಮನಿಸಿದ. ಅರ್ಜಿ ವಾಪಸ್ ಬಂತು. ‘ಈ ಎರಡೂ ಹೆಸರು ಒಬ್ಬರದ್ದೇ’ ಅಂತ ಅಫಿಡವಿಟ್ ಮಾಡಿಸಿ ಮತ್ತೆ ಕಳಿಸಿದೆ. ಒಟ್ಟು 14 ತಿಂಗಳು ಹಿಡಿಯಿತು. ಮೊದಲೇ ಅಫಿಡವಿಟ್ ಸೇರಿಸಿದ್ದರೆ ಏಳೆಂಟು ತಿಂಗಳಲ್ಲಿ ಮುಗಿಯುತ್ತಿತ್ತು ಅಂತ ಮಾವನ ಮಗ ಈಗಲೂ ಛೇಡಿಸುತ್ತಾನೆ. ಒಟ್ಟು ಖರ್ಚು ಎರಡು ಸಾವಿರದ ಒಳಗೆ, ನೋಟರಿ, ಸ್ಟಾಂಪು, ಪೋಸ್ಟು ಎಲ್ಲ ಸೇರಿ.

ಕ್ಲೇಮಿನ ಕ್ರಮ ಹೀಗಿದೆ. ಮೊದಲು ದಾಖಲೆಗಳನ್ನೆಲ್ಲ ಕಂಪನಿಗೆ ಅಥವಾ ರಿಜಿಸ್ಟ್ರಾರಿಗೆ ಕಳಿಸಬೇಕು. ಅವರು ಪರಿಶೀಲಿಸಿ, ‘ಇಂಥವರು ಇಷ್ಟು ಷೇರಿಗೆ ಹಕ್ಕುದಾರರು’ ಅಂತ ಎಂಟೈಟಲ್‌ಮೆಂಟ್ ಲೆಟರ್ ಕೊಡುತ್ತಾರೆ. ಈ ಪತ್ರ ಕೈಗೆ ಬರುವ ತನಕ ಮುಂದಿನ ಫಾರಮ್ಮಿಗೆ ಕೈ ಹಾಕಬೇಡಿ. ಷೇರು ವಾಪಸ್ ಬರುವುದು ಡಿಮ್ಯಾಟ್ ರೂಪದಲ್ಲೇ, ಹಾಗಾಗಿ ಯಾರ ಹೆಸರಿಗೆ ಬರಬೇಕೋ ಅವರದ್ದು ಡಿಮ್ಯಾಟ್ ಖಾತೆ ಬೇಕು. ಆಮೇಲೆ ಐಇಪಿಎಫ್-5 ಅನ್ನುವ ಫಾರಂ. ಆನ್‌ಲೈನಿನಲ್ಲೇ ತುಂಬಬೇಕು, ಶುಲ್ಕ ಇಲ್ಲ. ತುಂಬಿದ ಮೇಲೆ ಎಸ್‌ಆರ್‌ಎನ್ ಅಂತ ಒಂದು ನಂಬರ್ ಬರುತ್ತದೆ, ಅದನ್ನು ಡೈರಿಯಲ್ಲಿ ಬರೆದಿಡಿ. ಫಾರಮ್ಮಿನ ಪ್ರಿಂಟು, ಇಂಡೆಮ್ನಿಟಿ ಬಾಂಡ್, ಮೂಲ ಷೇರು ಪತ್ರ, ಎಂಟೈಟಲ್‌ಮೆಂಟ್ ಲೆಟರ್ ಎಲ್ಲವನ್ನೂ ಕಂಪನಿಯ ನೋಡಲ್ ಆಫೀಸರಿಗೆ ಪೋಸ್ಟ್ ಮಾಡಿ. ದೆಹಲಿಗಲ್ಲ, ಕಂಪನಿಗೆ. ಬಹಳ ಜನ ಇಲ್ಲಿ ತಪ್ಪುತ್ತಾರೆ. ಕಂಪನಿ 30 ದಿನದಲ್ಲಿ ಪರಿಶೀಲನಾ ವರದಿ ಕಳಿಸಬೇಕು, ಅದು ಸೇರಿದ 60 ದಿನದಲ್ಲಿ ಪ್ರಾಧಿಕಾರ ತೀರ್ಮಾನಿಸಬೇಕು. ಇದು ಕಾಗದದ ಮೇಲಿನ ಲೆಕ್ಕ. ಅದರ ಎರಡರಷ್ಟು ಕಾಲ ಹಿಡಿದರೆ ಗಾಬರಿಯಾಗಬೇಡಿ.

ಇನ್ನೊಂದು ನಿಯಮ ನೆನಪಿರಲಿ. ಒಂದು ಕಂಪನಿಗೆ ಒಂದು ಹಣಕಾಸು ವರ್ಷದಲ್ಲಿ ಒಂದೇ ಕ್ಲೇಮು. ಷೇರು, ಡಿವಿಡೆಂಡ್, ಎಲ್ಲ ಫೋಲಿಯೊ ಒಂದೇ ಅರ್ಜಿಯಲ್ಲಿ ಸೇರಿಸಿ. ಅರ್ಧ ಹಾಕಿ ಉಳಿದದ್ದು ಆಮೇಲೆ ನೋಡೋಣ ಅಂದರೆ ವರ್ಷ ಕಾಯಬೇಕು. ಮೂಲ ಷೇರು ಪತ್ರ ಕಳೆದಿದ್ದರೂ ದಾರಿ ಇದೆ, ಆದರೆ ಡೂಪ್ಲಿಕೇಟಿನ ಪ್ರಕ್ರಿಯೆ ಸೇರಿಕೊಳ್ಳುತ್ತದೆ. ಮೊತ್ತ ದೊಡ್ಡದಾದರೆ ಪೊಲೀಸ್ ದೂರು, ಪೇಪರ್ ಪ್ರಕಟಣೆ ಕೇಳುತ್ತಾರೆ.

ಯಾರ ಹೆಸರಿಗೆ ಕ್ಲೇಮು ಹಾಕಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮ್ಮನ ಹೆಸರಿಗೆ ಹಾಕೋಣ ಅಂತಲೇ ಎಲ್ಲ ಮಕ್ಕಳಿಗೂ ಅನಿಸುತ್ತದೆ, ಅದು ನ್ಯಾಯವೂ ಹೌದು. ಜಂಟಿ ಹೆಸರು ಇದ್ದರೆ ಬೇರೆ ಮಾತೇ ಇಲ್ಲ. ಇಲ್ಲದಿದ್ದರೆ, 81 ವರ್ಷದವರಿಗೆ ಹೊಸ ಡಿಮ್ಯಾಟ್ ಖಾತೆ, ಸಹಿ ಹೊಂದಾಣಿಕೆ, ಒಂದು ವರ್ಷದ ಕಾಯುವಿಕೆ ಇದೆಲ್ಲ ಭಾರ. ನಡುವೆ ಏನಾದರೂ ಆದರೆ ಮೊದಲಿನಿಂದ ಶುರು ಮಾಡಬೇಕು. ನಾನಾಗಿದ್ದರೆ ಅಮ್ಮ, ತಮ್ಮ, ತಂಗಿ ಮೂವರ ಒಪ್ಪಿಗೆ ಪತ್ರ ತೆಗೆದುಕೊಂಡು ನಿಮ್ಮ ಹೆಸರಿಗೆ ಹಾಕುತ್ತಿದ್ದೆ. ಬಂದ ಮೇಲೆ ಹಂಚಿಕೊಳ್ಳುವುದು ಮನೆಯ ಮಾತು. ತಮ್ಮನ ಸಹಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಿ ಬರಬೇಕು. ತಲೆನೋವು ಬೇಡ ಅನ್ನುವ ತಮ್ಮನಿಗೆ ಇರುವ ಕೆಲಸ ಅಷ್ಟೇ, ಒಂದು ದಿನದ್ದು.

ಷೇರು ಹುಡುಕುವಾಗಲೇ ಬ್ಯಾಂಕಿನದ್ದನ್ನೂ ನೋಡಿಬಿಡಿ. ಷೇರು ಮರೆತವರು ಒಂದು ಎಫ್‌ಡಿಯನ್ನೂ ಮರೆತಿರುತ್ತಾರೆ. ಇದು ನನ್ನ ಅನುಭವ. 10 ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಹುಡುಕಲು ಉದ್ಗಮ್ ಅನ್ನುವ ಪೋರ್ಟಲ್ 2023ರ ಆಗಸ್ಟಿನಲ್ಲಿ ಶುರುವಾಯಿತು. ಈಗ 30 ಬ್ಯಾಂಕುಗಳು ಅದರಲ್ಲಿವೆ, ವಾರಸುದಾರರಿಲ್ಲದ ಠೇವಣಿಯ ಸುಮಾರು 90 ಪರ್ಸೆಂಟ್ ಅವುಗಳದ್ದೇ. ನಿಮ್ಮ ಮೊಬೈಲ್ ನಂಬರಿನಿಂದ ನೋಂದಾಯಿಸಿ ತಂದೆಯ ಹೆಸರು, ಜೊತೆಗೆ ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಡಿ. ಅದಿಲ್ಲದಿದ್ದರೆ ವಿಳಾಸ ಕೊಟ್ಟೂ ಹುಡುಕಬಹುದು. ಸಿಕ್ಕರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋಗಬೇಕು, ಹಣ ಕೊಡುವುದು ಬ್ಯಾಂಕೇ. ದಾವಣಗೆರೆಯ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಪಾಸ್‌ಬುಕ್ ಸಿಕ್ಕಿದರೆ ಎಸ್‌ಬಿಐಗೆ ಹೋಗಿ. ಬಡ್ಡಿ ಬರುವ ಖಾತೆಯಾಗಿದ್ದರೆ ನಿಧಿಯಲ್ಲಿದ್ದ ಕಾಲಕ್ಕೂ ಬಡ್ಡಿ ಇದೆ, 2021ರ ಮೇಯಿಂದ 3 ಪರ್ಸೆಂಟ್. ಜಾಸ್ತಿ ಏನಲ್ಲ.

ನಾಮಿನಿ ಇಲ್ಲದಿದ್ದರೂ ಹೆದರಬೇಡಿ. 2025ರ ಸೆಪ್ಟೆಂಬರಿನಲ್ಲಿ ಆರ್‌ಬಿಐ ಹೊಸ ನಿರ್ದೇಶನ ಕೊಟ್ಟಿದೆ. ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಕೋರ್ಟ್ ಪತ್ರ ಕೇಳದೆ ಸರಳ ಕ್ರಮದಲ್ಲಿ ಕೊಡಬೇಕು. ದಾಖಲೆ ಪೂರ್ತಿ ಸಿಕ್ಕ 15 ದಿನದೊಳಗೆ ಕೊಡಬೇಕು, ಬ್ಯಾಂಕಿನಿಂದಲೇ ತಡವಾದರೆ ಪರಿಹಾರವನ್ನೂ ಕಟ್ಟಿಕೊಡಬೇಕು. ಕೌಂಟರಿನಲ್ಲಿ ‘ನಾಳೆ ಬನ್ನಿ’ ಅಂದರೆ ಅರ್ಜಿ ಕೊಟ್ಟದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ತಾರೀಖು ಬಿದ್ದ ಸೀಲಿಗೆ ಇರುವ ಬೆಲೆ ಏನು ಅಂತ ಕೌಂಟರಿನ ಒಳಗಡೆ ಕೂತಿದ್ದವನಿಗೆ ಚೆನ್ನಾಗಿ ಗೊತ್ತು. ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್ ಇದ್ದಾರೆ. ಷೇರಿನ ವಿಷಯದಲ್ಲಿ ಕಂಪನಿ ಸತಾಯಿಸಿದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ಸ್ಕೋರ್ಸ್ ಪೋರ್ಟಲಿನಲ್ಲಿ ದೂರು ಹಾಕಿ. ಎರಡಕ್ಕೂ ದುಡ್ಡಿಲ್ಲ.

ಉದ್ಗಮ್‌ನಲ್ಲಿ ಸಿಗಲಿಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥವಲ್ಲ. ಊರಿನ ಪತ್ತಿನ ಸಹಕಾರ ಸಂಘದ ಠೇವಣಿ ಅದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಸಂಘದ ಕಾರ್ಯದರ್ಶಿಯನ್ನೇ ನೋಡಬೇಕು, ಷೇರು ಹಣವೂ ಇದೆಯಾ ಅಂತ ಕೇಳಬೇಕು.

ಎಲ್‌ಐಸಿಯದ್ದು ಎಲ್‌ಐಸಿ ವೆಬ್‌ಸೈಟಿನಲ್ಲೇ ಹೆಸರು ಮತ್ತು ಹುಟ್ಟಿದ ದಿನಾಂಕ ಕೊಟ್ಟು ನೋಡಬಹುದು. ಗಡುವು ಅಂತ ಏನಾದರೂ ಇದ್ದರೆ ಅದು ಇಲ್ಲಿ ಮಾತ್ರ. ವಿಮೆಯ ಹಣ 10 ವರ್ಷ ಬಿದ್ದಿದ್ದರೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ, ಅಲ್ಲಿಂದ 25 ವರ್ಷದೊಳಗೆ ಕೇಳಬೇಕು. ಮ್ಯೂಚುವಲ್ ಫಂಡಿಗೆ ಮಿತ್ರ ಅನ್ನುವ ಹುಡುಕಾಟದ ವ್ಯವಸ್ಥೆ 2025ರಲ್ಲಿ ಬಂದಿದೆ. ಆ ಕಾಲದಲ್ಲಿ ಮೇಷ್ಟ್ರುಗಳು ಯುಟಿಐ ಫಂಡಿನ ಯೂನಿಟ್ ಕೊಳ್ಳುತ್ತಿದ್ದರು, ಅದನ್ನು ಮರೆಯಬೇಡಿ.

ದುಡ್ಡು ಕೊಟ್ಟು ಯಾರನ್ನೂ ಹಿಡಿಯಲೇಬಾರದು ಅಂತ ನಾನು ಹೇಳುವುದಿಲ್ಲ. ಕೋರ್ಟಿನ ವಾರಸಾ ಪ್ರಮಾಣಪತ್ರ ಬೇಕಾದರೆ ಹಾಸನದಲ್ಲೇ ಒಬ್ಬ ವಕೀಲರನ್ನು ನೋಡಿ. ಫಾರಂ ತುಂಬುವುದು ಬೇಸರ ಅನಿಸಿದರೆ ಸಿಎ ಅಥವಾ ಕಂಪನಿ ಸೆಕ್ರೆಟರಿ ಒಬ್ಬರ ಸಹಾಯ ಪಡೆಯಿರಿ. ಆದರೆ ಫೀಜು ಇಷ್ಟು ಅಂತ ಮೊದಲೇ ಗೊತ್ತಿರಬೇಕು, ಪರ್ಸೆಂಟ್ ಲೆಕ್ಕದಲ್ಲಿ ಅಲ್ಲ. 1 ಲಕ್ಷದ ಷೇರಿಗೂ 20 ಲಕ್ಷದ ಷೇರಿಗೂ ಫಾರಂ ಒಂದೇ, ಅಲ್ವಾ? ಅರ್ಜಿಯಲ್ಲಿ ಇಮೇಲ್, ಮೊಬೈಲ್, ಬ್ಯಾಂಕ್ ಖಾತೆ, ಡಿಮ್ಯಾಟ್ ಎಲ್ಲ ನಿಮ್ಮದೇ ಇರಬೇಕು. ಖಾಲಿ ಫಾರಮ್ಮಿಗೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಬೇಡ. ಪವರ್ ಆಫ್ ಅಟಾರ್ನಿ ಅಂತೂ ಯಾರಿಗೂ ಬೇಡ. ಮರಣ ಪ್ರಮಾಣಪತ್ರ, ಆಧಾರ್, ಸಹಿಯ ಮಾದರಿ ಮೂರೂ ಒಬ್ಬ ಅಪರಿಚಿತನ ಕೈ ಸೇರಿದರೆ ಅವನೇ ವಾರಸುದಾರ ಅಂತ ನಿಂತುಬಿಡಬಹುದು.

ಏಜೆಂಟ್ ಮತ್ತೆ ಫೋನ್ ಮಾಡುತ್ತಾರೆ, ಖಂಡಿತ. ಸಿಟ್ಟು ಮಾಡಿಕೊಳ್ಳಬೇಡಿ. ನಾವೇ ನೋಡಿಕೊಳ್ಳುತ್ತೇವೆ ಅಂತ ಹೇಳಿ ಸುಮ್ನೆ ಇರಿ. ಕಮಿಷನ್ 15ಕ್ಕೆ ಇಳಿಯುತ್ತದೆ, ಆಮೇಲೆ 10ಕ್ಕೆ. ಕೆಲವರು ಬಾಯಿತಪ್ಪಿ ಕಂಪನಿಯ ಹೆಸರನ್ನೂ ಹೇಳಿಬಿಡುತ್ತಾರೆ. ಪೆನ್ನು ಹತ್ತಿರ ಇಟ್ಟುಕೊಂಡಿರಿ.

ನಿಮ್ಮ ತಮ್ಮನಿಗೂ ಒಂದು ಮಾತು. ಅಮೆರಿಕದಲ್ಲಿ ಕೆಲಸ ಬದಲಿಸಿದಾಗ ಉಳಿದ ಕೊನೆಯ ಸಂಬಳದ ಚೆಕ್ಕು, ಬಾಡಿಗೆ ಮನೆಯ ಡಿಪಾಸಿಟ್ಟು, ಮುಚ್ಚದ ಬ್ಯಾಂಕ್ ಖಾತೆ ಇಂಥವೆಲ್ಲ ಅಲ್ಲಿನ ರಾಜ್ಯ ಸರ್ಕಾರದ ಹತ್ತಿರ ಹೋಗಿ ಕೂರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅದು ಸ್ಟೇಟ್ ಕಂಟ್ರೋಲರ್ ಕಚೇರಿಯ ವೆಬ್‌ಸೈಟಿನಲ್ಲಿದೆ, ಹುಡುಕುವುದೂ ಪಡೆಯುವುದೂ ಪುಕ್ಕಟೆ. ಅಲ್ಲೂ ಹುಡುಕಿಕೊಡುವ ಏಜೆಂಟರಿದ್ದಾರೆ, ಆದರೆ ಅವರು 10 ಪರ್ಸೆಂಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ ಆ ರಾಜ್ಯದ ಕಾನೂನೇ ಕಟ್ಟಿಹಾಕಿದೆ. ಬೇರೆ ರಾಜ್ಯದಲ್ಲಿ ಇದ್ದಿದ್ದರೆ ಅಲ್ಲಿನದ್ದನ್ನೂ ಪ್ರತ್ಯೇಕ ನೋಡಬೇಕು. ಕಾನ್ಸುಲೇಟಿಗೆ ಹೋಗುವ ದಿನ ಹೇಗೂ ರಜೆ ಹಾಕುತ್ತಾನಲ್ಲ, ಅವತ್ತೇ ತನ್ನ ಹೆಸರನ್ನೂ ಒಮ್ಮೆ ಹಾಕಿ ನೋಡಲಿ.